ಗುಬ್ಬಿ ಹಾಡಿದ ಸಾಲು

ಆನೆಮರಿಯ ಅಳು ಸರಿಹೋಗುತ್ತಲೇ ಇರಲಿಲ್ಲ. ತೆರೆಯ ಮೇಲೆ ಅದು ಸೊಂಡಿಲೆತ್ತಿ ಬಾಯಿ ತೆರೆಯುವುದಕ್ಕೂ ಅಕ್ಕನ ಗಂಟಲಿನಿಂದ ದನಿ ಹೊರಡುವುದಕ್ಕೂ ತಾಳೆಯಾಗುತ್ತಿತ್ತು. ಆದರೆ ಗಾಜಿನಾಚೆ ಕುಳಿತ ಡಬ್ಬಿಂಗ್ ನಿರ್ದೇಶಕನ ಮುಖ ಮಾತ್ರ ಹುಳಿ ತಿಂದವನ ಹಾಗೆಯೇ ಇತ್ತು.

“ಅಕ್ಕಾ, ಇನ್ನೊಂದ್ಸಲ. ಇದು ಅಮ್ಮನ್ನ ಕಳ್ಕೊಂಡಿರೋ ಮರಿ. ನೀವು ಅಳೋದು ಅತ್ತೆ ಕಾಟಕ್ಕೆ ಸೊಸೆ ಅತ್ತ ಹಾಗಿದೆ.”

“ಅತ್ತೆ ಕಾಟ ನಂಗೇನಪ್ಪ ಗೊತ್ತು, ನಮ್ಮತ್ತೆ ಬಂಗಾರ. ಬೇಕಾದ್ರೆ ನಿನ್ನ ಹೆಂಡ್ತೀನ ಕೇಳ್ಕೊಂಡು ಬರ್ತೀನಿ.”

ಒಳಗಿದ್ದವರೆಲ್ಲ ನಕ್ಕರು. ಅಕ್ಕ ಹೆಡ್‌ಫೋನು ಸರಿಮಾಡಿಕೊಂಡು, ಎದೆಯ ದನಿಯನ್ನು ಮೂಗಿಗೆ ತಂದು, ಇನ್ನೊಮ್ಮೆ ಅತ್ತಳು. ಈ ಸಲ ನಿರ್ದೇಶಕ ಹೆಬ್ಬೆರಳೆತ್ತಿದ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅಂಗಿ ತೊಟ್ಟ ಹಾಗೆ ತೊಟ್ಟುಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಈ ಊರಿನ ಮಕ್ಕಳಿಗೆ ಟೀವಿಯಲ್ಲಿ ಮಾತಾಡುವ ನರಿ, ಮೊಸಳೆ, ಮುದಿ ಗೂಬೆ ಎಲ್ಲವೂ ಅವಳೇ.

ವಿರಾಮದಲ್ಲಿ ಚಹಾದ ಲೋಟ ಹಿಡಿದು ಕಾರಿಡಾರಿಗೆ ಬಂದಾಗ ಫೋನು ಬಂತು. ವಾಹಿನಿಯ ಹುಡುಗಿ. ವಾರದಿಂದ ಬಿಡದೆ ಬೆನ್ನು ಹತ್ತಿದ್ದಳು.

“ಮೇಡಂ, ಇವತ್ತು ಸಂಜೆ ಒಳಗೆ ಒಂದು ಮಾತು ಹೇಳ್ಬಿಡಿ ಪ್ಲೀಸ್. ನಿಮ್ಮ ಹಳೇ ಹಾಡಿನ ತಂಡ ಮತ್ತೆ ಸೇರೋ ಶೋಗೆ ಪಟಾಕಿ ಮೇಡಂ ಒಪ್ಪಿದ್ದಾರೆ, ರಾಣಿ ಮೇಡಂ ಒಪ್ಪಿದ್ದಾರೆ, ಗುಬ್ಬಿ ಮೇಡಂ ಅಂತೂ ಕುಣೀತಾ ಇದ್ದಾರೆ. ನೀವೊಬ್ರೇ ಬಾಕಿ.”

“ಬರೋಕೇನು, ಬರ್ತೀನಮ್ಮ. ಆ ಇನ್ನೊಂದು ವಿಷಯ...”

“ಅದೇ ಮೇಡಂ ಶೋನ ಪ್ರಾಣ! ನಿಮ್ಮ ಆಗಿನ ರೆಕಾರ್ಡಿಸ್ಟ್ ಸರ್ ಹೇಗೂ ಹೇಳೇ ಹೇಳ್ತಾರೆ, ಕೊನೇ ಹಾಡಲ್ಲಿ ಗುಬ್ಬಿ ಮೇಡಂ ಸಾಲು ನಿಜವಾಗಿ ನೀವು ಹಾಡಿದ್ದು ಅಂತ. ಆಮೇಲೆ ಮೈಕ್ ನಿಮ್ಮ ಕೈಗೆ ಬರುತ್ತೆ, ನೀವು ಅಲ್ಲೇ ಹಾಡಿ ತೋರಿಸ್ತೀರಿ. ಜನಕ್ಕೆ ಮೈ ಜುಂ ಅನ್ಬೇಕು.”

“ಗುಬ್ಬಿ ಎಲ್ಲಿರ್ತಾಳೆ ಆಗ?”

“ಎದುರಿಗೇ ಸೋಫಾದಲ್ಲಿ. ಅವ್ರ ಮುಖಕ್ಕೆ ಅಂತಾನೇ ಒಂದು ಕ್ಯಾಮೆರಾ ಇಟ್ಟಿದ್ದೀವಿ.” ಹುಡುಗಿ ಇದನ್ನು ಬಹಳ ಪ್ರೀತಿಯಿಂದ ಹೇಳಿದಳು. “ಅವರಿಗಿನ್ನೂ ಹೇಳಿಲ್ಲ. ಮೇಡಂ, ನಿಮಗೆ ಸಲ್ಲಬೇಕಾದ್ದು ನಿಮಗೆ ಸಲ್ಲಬೇಡ್ವಾ?”

ಸಲ್ಲಬೇಕು. ಅಕ್ಕನಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಇಪ್ಪತ್ತು ವರ್ಷ ಅನ್ನಿಸಿತ್ತು.

ಅಕ್ಕ ಎನ್ನುವುದು ಮನೆಯವರು ಇಟ್ಟ ಹೆಸರಲ್ಲ. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಸೋತು ಬ್ಯಾಗು ಹಿಡಿದು ಹೊರಟಿದ್ದ ನಾಲ್ಕು ಹುಡುಗಿಯರನ್ನು ತೀರ್ಪುಗಾರರು ಬಾಗಿಲಿನಿಂದ ವಾಪಸು ಕರೆದಿದ್ದರು. ದರ್ಜಿ ಉಳಿದ ಚಿಂದಿಗಳನ್ನು ಸೇರಿಸಿ ಕೌದಿ ಹೊಲಿದ ಹಾಗೆ ಒಂದೇ ಸಂಜೆಯಲ್ಲಿ ಅವರನ್ನು ಹೊಲಿದು ‘ಮಿಣುಕು’ ಎಂದು ಹೆಸರಿಟ್ಟರು. ಜೋರು ಬಾಯಿಯವಳು ಪಟಾಕಿ, ಮೂಗಿನ ಮೇಲೆ ಕೋಪ ಇಟ್ಟುಕೊಂಡವಳು ರಾಣಿ, ಎಲ್ಲರಿಗಿಂತ ಚಿಕ್ಕವಳೂ ಎತ್ತರದ ದನಿಯವಳೂ ಆದವಳು ಗುಬ್ಬಿ. ದಪ್ಪ ದನಿಯ, ತಾಳ್ಮೆಯ ಇವಳು ಅಕ್ಕ. ವಯಸ್ಸಿನಲ್ಲಿ ರಾಣಿಯೇ ದೊಡ್ಡವಳು, ಆದರೆ ರಾಣಿಯನ್ನು ಅಕ್ಕ ಅನ್ನಲು ಯಾರಿಗೂ ಧೈರ್ಯವಿರಲಿಲ್ಲ.

ಮೊದಲ ಆಲ್ಬಂ ಬಂದಾಗ ಊರೂರಿನ ಹುಡುಗಿಯರು ಗುಬ್ಬಿಯ ಹಾಗೆ ಕೂದಲು ಕತ್ತರಿಸಿಕೊಂಡರು. ಸಾಬೂನಿನ ಜಾಹೀರಾತಿನಲ್ಲಿ ನಾಲ್ವರೂ ನೊರೆಯೊಳಗಿಂದ ನಕ್ಕರು. ಅಕ್ಕನ ಕೆಲಸ ಕೆಳಗಿನ ಸ್ವರ. ಒಂದೇ ಸಾಲನ್ನು ಮೂರು ಬಾರಿ ಹಾಡಿಸಿ, ಒಂದರ ಮೇಲೊಂದು ಹಾಸಿ, ಅದರ ಮೇಲೆ ಗುಬ್ಬಿಯನ್ನು ಕೂರಿಸುತ್ತಿದ್ದರು. ಜನ ಕೇಳುತ್ತಿದ್ದುದು ಗುಬ್ಬಿಯನ್ನು. ಹಾಸಿಗೆಯನ್ನು ಹೊಗಳುವವರು ಯಾರು?

ಎರಡನೆಯ ವರ್ಷ ಗುಬ್ಬಿಯ ಗಂಟಲಿನಲ್ಲಿ ಗಂಟು ಕಾಣಿಸಿತು. ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿರಬೇಕು ಎಂದರು ವೈದ್ಯರು. ಎರಡನೆಯ ಆಲ್ಬಮ್ಮಿನ ಕೊನೆಯ ಹಾಡು ಮಾತ್ರ ಬಾಕಿಯಿತ್ತು. ಸ್ಟುಡಿಯೋದ ಬಚ್ಚಲಲ್ಲಿ ಗುಬ್ಬಿ ಅಕ್ಕನ ಮಣಿಕಟ್ಟು ಹಿಡಿದು, ತನ್ನ ಗಂಟಲು ತೋರಿಸಿ, ಆಮೇಲೆ ಅಕ್ಕನ ಗಂಟಲು ತೋರಿಸಿ, ಕೈಮುಗಿದಳು. ನನ್ನ ಹಾಗೆಯೇ ಹಾಡು, ಯಾರಿಗೂ ಗೊತ್ತಾಗಬಾರದು. ಅಕ್ಕ ತಂಗಿಯರ ಗುಟ್ಟಿನ ಹಾಗಿತ್ತು ಅದು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಮೊದಲ ಸಲ ಹಾಡಿದ್ದು ಅಷ್ಟಕ್ಕಷ್ಟೇ. ತುದಿಯಲ್ಲಿ ಅಕ್ಕನ ದಪ್ಪ ದನಿ ಇಣುಕಿತ್ತು. ರೆಕಾರ್ಡಿಸ್ಟ್ ಹೆಡ್‌ಫೋನು ತೆಗೆದು, “ಸಾಕು ಬಿಡಮ್ಮ, ಸದ್ಯಕ್ಕೆ ನಡೆಯುತ್ತೆ, ಆ ಹುಡುಗಿ ಹುಷಾರಾದ್ಮೇಲೆ ಸರಿಮಾಡೋಣ” ಎಂದಿದ್ದ.

“ಇಲ್ಲ, ಇನ್ನೊಂದು ತಗೊಳ್ಳೋಣ” ಎಂದವಳು ಅಕ್ಕನೇ.

ಆ ಇನ್ನೊಂದರಲ್ಲಿ ಎಲ್ಲವೂ ಕೂಡಿಬಂತು. ಎತ್ತರಕ್ಕೆ ಏರುವ ಮುಂಚೆ ಗುಬ್ಬಿ ತೆಗೆದುಕೊಳ್ಳುತ್ತಿದ್ದ, ಬಿಕ್ಕಳಿಕೆಯಂಥ ಚಿಕ್ಕ ಉಸಿರು ಕೂಡ. ಹುಟ್ಟಿದಾಗಿನಿಂದ ಕೆಳಗೇ ಹಾಡಿದವಳಿಗೆ ಅಷ್ಟು ಮೇಲೆ ನಿಂತು ನೋಡಿದ ಸುಖ ತಲೆಗೇರಿತ್ತು. ತಂಡದ ಮ್ಯಾನೇಜರ್ ಅದನ್ನು ಕೇಳಿಸಿಕೊಂಡ. ಅವನ ಮುಖದಲ್ಲಿ ಭಾರ ಇಳಿಸಿದವನ ನಿರಾಳ ಕಂಡಿತು. ಅದನ್ನು ಮೆಚ್ಚುಗೆ ಎಂದುಕೊಂಡಳು ಅಕ್ಕ. ಹಾಡು ಗುಬ್ಬಿಯ ಹೆಸರಲ್ಲೇ ಹೊರಬಂತು, ಆದರೆ ಹದಿನೈದು ದಿನದಲ್ಲಿ ಅವಳನ್ನು ತಂಡದಿಂದ ಕೈಬಿಟ್ಟರು. “ದನಿ ಹೇಗೂ ನಮ್ಹತ್ರ ಇದೆ, ಮುಖ ಬೇರೆ ಸಿಗುತ್ತೆ” ಎಂದು ಮ್ಯಾನೇಜರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಅಕ್ಕನ ಕಿವಿಗೆ ಬಿತ್ತು. ಉದ್ದ ಕಾಲಿನ ನರ್ತಕಿಯೊಬ್ಬಳನ್ನು ತಂದು ನಿಲ್ಲಿಸಿದರು. ವೇದಿಕೆಯ ಮೇಲೆ ಅವಳು ಬಾಯಿ ಆಡಿಸುತ್ತಿದ್ದಳು, ಅಕ್ಕ ಹಾಡುತ್ತಿದ್ದಳು. ಜನ ಆ ಹುಡುಗಿಯನ್ನು ಒಪ್ಪಲಿಲ್ಲ. ಮುಂದಿನ ವರ್ಷ ಟೀವಿಯವರು ಬೇರೆ ನಾಲ್ವರನ್ನು ಹೊಲಿದರು. ಮಿಣುಕು ಆರಿತು.

ಗುಬ್ಬಿ ಬೈದಿರಲಿಲ್ಲ. ಬೈಯಲು ದನಿಯೇ ಇರಲಿಲ್ಲ ಆಗ. ಅಕ್ಕನೂ ಒಂದು ಮಾತು ಆಡಿರಲಿಲ್ಲ, ಆಡಲು ದನಿಯಿದ್ದೂ.

ಮಧ್ಯಾಹ್ನದ ಕೆಲಸ ಮುಗಿಸಿ ಅಕ್ಕ ಬಸ್ಸು ಹಿಡಿದು ಗುಬ್ಬಿಯ ಪರದೆ ಅಂಗಡಿಗೆ ಹೋದಳು. ಅವಳನ್ನು ಕೇಳದೆ ಮಾಡುವ ಕೆಲಸವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಿದರೆ ಹೂಂ ಅನ್ನುತ್ತಾಳೆ ಎಂಬುದೂ ಗೊತ್ತಿತ್ತು.

ಅಂಗಡಿಯಲ್ಲಿ ಬಟ್ಟೆಯ ಸುರುಳಿಗಳು ಗೋಡೆಗೊರಗಿ ನಿಂತಿದ್ದವು. ಗುಬ್ಬಿ ಮೇಜಿನ ಮೇಲೆ ಬಾಗಿ ಗಿರಾಕಿಯೊಬ್ಬರ ಜೊತೆ ಚೌಕಾಸಿಯಲ್ಲಿದ್ದಳು. ಮರಳುಕಾಗದ ಉಜ್ಜಿದಂಥ ದನಿ. ಗಂಟಲು ವಾಸಿಯಾದ ಮೇಲೂ ಹಳೆಯ ದನಿ ಮರಳಲೇ ಇಲ್ಲ.

“ಅಮ್ಮಾವ್ರೇ, ನಿಮ್ಮನೆ ಕಿಟಕಿ ಅಳತೆ ತಂದಿದ್ದೀರೋ, ಪಕ್ಕದ್ಮನೇದೋ? ಇಷ್ಟಗಲದ ಕಿಟಕಿ ಇದ್ರೆ ಅದನ್ನ ಬಾಗಿಲು ಅಂತಾರೆ!” ಎಂದವಳು ಅಕ್ಕನನ್ನು ಕಂಡು ಕತ್ತರಿ ಕೆಳಗಿಟ್ಟಳು. “ಅಯ್ಯೋ ಬಾರೆ ಅಕ್ಕ! ಏನು ದಾರಿ ತಪ್ಪಿ ಬಂದೆಯಾ? ಪುಟ್ಟಿ, ದೊಡ್ಡಮ್ಮಂಗೆ ಸ್ಟೂಲ್ ಹಾಕು.”

ಗಿರಾಕಿ ಸರಿಯಾದ ಅಳತೆ ತರುತ್ತೇನೆಂದು ಹೊರಟರು. ಹದಿನಾರರ ಮಗಳು ಸ್ಟೂಲ್ ಎಳೆದು ತಂದಳು. ಕುತ್ತಿಗೆಯಲ್ಲಿ ಇಯರ್‌ಫೋನು ನೇತಾಡುತ್ತಿತ್ತು. ತಾಯಿಯದೇ ಮೂಗು, ತಾಯಿಯದೇ ಚುರುಕು.

“ದೊಡ್ಡಮ್ಮ, ಶೋಗೆ ಯಾವ ಬಣ್ಣ ಹಾಕ್ತೀರಾ? ಅಮ್ಮ ಹಸಿರು ಅಂತಾಳೆ. ಹಸಿರಲ್ಲಿ ಗಿಳಿ ಥರ ಕಾಣ್ತಾಳೆ, ಗುಬ್ಬಿ ಥರ ಅಲ್ಲ.”

“ನೋಡಿದ್ಯಾ ಅಕ್ಕ, ಹೆತ್ತ ಮಗಳ ಬಾಯಿ.”

“ನನ್ನ ಫ್ರೆಂಡ್ಸೆಲ್ಲ ನೋಡೋಕೆ ಬರ್ತಿದ್ದಾರೆ,” ಎಂದಳು ಹುಡುಗಿ. “ಕೊನೇ ಹಾಡನ್ನ ನಾನು ದಿನಾ ಕೇಳ್ತೀನಿ ದೊಡ್ಡಮ್ಮ. ಅಮ್ಮ ಮೇಲಕ್ಕೆ ಹೋಗೋಕ್ಮುಂಚೆ ಒಂದು ಚಿಕ್ಕ ಉಸಿರು ತಗೋತಾಳಲ್ಲ? ಆ ಒಂದು ಉಸಿರಿಗೇ ಕಾಯ್ತಿರ್ತೀನಿ. ಆಗ ಅನ್ಸುತ್ತೆ, ಇದು ನಮ್ಮಮ್ಮ, ನಮ್ಮಮ್ಮ ಹೀಗಿದ್ಲು ಅಂತ.”

ಗುಬ್ಬಿ ಕತ್ತರಿ ಎತ್ತಿಕೊಂಡಳು. ಬಟ್ಟೆಯ ಗೆರೆಯ ಮೇಲೆ ಕಣ್ಣು ನೆಟ್ಟು ಸರ್ರನೆ ಕೊನೆತನಕ ಕತ್ತರಿಸಿದಳು. ತಲೆ ಎತ್ತಲಿಲ್ಲ. ಅವಳ ಕಿವಿಯ ತುದಿ ಕೆಂಪಾದದ್ದನ್ನು ಅಕ್ಕ ನೋಡಿದಳು.

“ಪುಟ್ಟಿ, ಹೋಗಿ ಮೂರು ಚಹಾ ಹೇಳು,” ಎಂದಳು ಗುಬ್ಬಿ. ಮಗಳು ಹೋದ ಮೇಲೆ ಕತ್ತರಿಸಿದ ಬಟ್ಟೆಯನ್ನು ಮಡಚಿಟ್ಟಳು. “ಹೇಳಿಲ್ಲ ಕಣೆ ಅಕ್ಕ ಅವಳಿಗೆ. ಚಿಕ್ಕವಳಿದ್ದಾಗ ಹೇಳ್ಬೇಕಿತ್ತು. ಇವತ್ತು ನಾಳೆ ಅಂತ ಬಿಟ್ಟೆ.”

ಅಕ್ಕ ವಾಹಿನಿಯ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದಳು. ರೆಕಾರ್ಡಿಸ್ಟ್ ಬರುತ್ತಾನೆ ಎಂಬುದನ್ನೂ, ಸೋಫಾದ ಎದುರಿನ ಕ್ಯಾಮೆರಾವನ್ನೂ. ಗುಬ್ಬಿ ಸುರುಳಿಗೆ ಒರಗಿ ನಿಂತು ಕೇಳಿದಳು. ಆಮೇಲೆ ನಕ್ಕಳು. ನಗುವಾಗ ದನಿ ಅಲ್ಲಲ್ಲಿ ಹರಿಯಿತು.

“ಹಾಡು. ನಿಂದೇ ತಾನೆ ಅದು.”

“ಗುಬ್ಬಿ...”

“ಇನ್ನೆಷ್ಟು ದಿನ ನನ್ನ ಹೆಸರಲ್ಲಿ ಇರುತ್ತೆ? ಹಾಡೇ. ನಾನು ಅಳಲ್ಲ ಬಿಡು, ಕ್ಯಾಮೆರಾದವ್ನು ಬೇಜಾರು ಮಾಡ್ಕೋಬೇಕು ಹಾಗೆ ಕೂತಿರ್ತೀನಿ.” ಸುರುಳಿಯ ತುದಿ ಸರಿಮಾಡುತ್ತಾ ಕೇಳಿದಳು, “ಪುಟ್ಟೀನ ಬರ್ಬೇಡ ಅಂದ್ರೆ ಕೇಳ್ತಾಳೇನೆ ಅವಳು?”

ಅಷ್ಟರಲ್ಲಿ ಮಗಳು ಚಹಾ ಹಿಡಿದು ಬಂದಳು. ಮೂವರೂ ಹಸಿರಿನ ಬಗ್ಗೆ, ಗಿಳಿಯ ಬಗ್ಗೆ ಮಾತಾಡಿ ಕುಡಿದು ಮುಗಿಸಿದರು.

ವಾಪಸು ಬಸ್ಸಿನಲ್ಲಿ ಅಕ್ಕ ಕಿಟಕಿಯ ಸರಳು ಹಿಡಿದು ಕುಳಿತಳು. ಹೋಗದೆ ಇದ್ದುಬಿಟ್ಟರೆ? ರೆಕಾರ್ಡಿಸ್ಟ್ ಹೇಗೂ ಹೇಳುತ್ತಾನೆ. ಇವಳ ಗೈರುಹಾಜರಿಯನ್ನು ದೊಡ್ಡತನ ಎಂದು ಬಣ್ಣಿಸುತ್ತಾರೆ, ಗುಬ್ಬಿಯ ಮುಖ ಇನ್ನಷ್ಟು ಹೊತ್ತು ತೋರಿಸುತ್ತಾರೆ. ಹೋಗಿ, ನಾನಲ್ಲ ಎಂದರೆ? ಅದು ವಿನಯ ಎಂದು ಚಪ್ಪಾಳೆ ತಟ್ಟುತ್ತಾರೆ. ಅವಳಿಗೆ ಮತ್ತೆ ಮತ್ತೆ ನೆನಪಾದದ್ದು ಆ ಮೊದಲ ಸಲದ ಹಾಡು. ಅಷ್ಟಕ್ಕಷ್ಟೇ ಆದದ್ದು. ಅಷ್ಟಕ್ಕೇ ಬಿಟ್ಟಿದ್ದರೆ ಮ್ಯಾನೇಜರ್ ಹಣೆ ಗಂಟಿಕ್ಕಿಕೊಂಡಾದರೂ ಗುಬ್ಬಿಗಾಗಿ ಮೂರು ತಿಂಗಳು ಕಾಯುತ್ತಿದ್ದ. ಸ್ವಲ್ಪ ಕೆಟ್ಟದಾಗಿ ಹಾಡಿದ್ದರೆ ಸಾಕಿತ್ತು. ಅಷ್ಟೊಂದು ಚೆನ್ನಾಗಿ ಹಾಡು ಎಂದು ಅವಳನ್ನು ಕೇಳಿದವರು ಯಾರು? ಗುಬ್ಬಿ ಕೇಳಿದ್ದಳು, ನಿಜ. ಆದರೆ ಆ ಎರಡನೆಯ ಸಲ ಗುಬ್ಬಿಗಾಗಿ ಹಾಡಿದ್ದಲ್ಲ.

ಇಳಿಯುವ ನಿಲ್ದಾಣ ದಾಟಿ ಹೋಗಿತ್ತು. ಮುಂದಿನದರಲ್ಲಿ ಇಳಿದು ನಡೆದಳು. ಮನೆಯ ತಿರುವಿನಲ್ಲಿ ನಿಂತು ಫೋನು ಮಾಡಿದಳು.

“ಬರ್ತೀನಮ್ಮ.”

“ಥ್ಯಾಂಕ್ಯೂ ಮೇಡಂ! ಆ ಸಾಲು ಹಾಡ್ತೀರ ತಾನೆ?”

“ಹಾಡ್ತೀನಿ.”

ಮನೆಯಲ್ಲಿ ಅತ್ತೆ ಆಗಲೇ ತಂಗಿಗೆ ಫೋನು ಹಚ್ಚಿ ಕುಳಿತಿದ್ದರು. ವಾಹಿನಿಯವರು ಮನೆಗೂ ಫೋನು ಮಾಡಿದ್ದರಂತೆ. “ಹೂಂ ಕಣೆ, ನಮ್ಮ ಸೊಸೆಯೇ ಅಂತೆ! ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ ನೋಡು. ನೀವೆಲ್ಲ ಬಂದ್ಬಿಡಿ, ಒಟ್ಟಿಗೇ ಕೂತು ನೋಡೋಣ.” ಗಂಡ ಕಚೇರಿಯವರಿಗೆಲ್ಲ ಹೇಳಿಯಾಗಿತ್ತು. ಅಕ್ಕ ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆದು ತಂದು ಮಂಚದ ಮೇಲೆ ರಾಶಿ ಹಾಕಿದಳು.

ಕೆಟ್ಟದಾಗಿ ಹಾಡುವುದಕ್ಕೂ ಕಸುಬು ಬೇಕು. ಬೇಕೆಂದೇ ಕೆಡಿಸಿದರೆ ಕಿವಿಯಿದ್ದವರಿಗೆ ತಿಳಿದುಬಿಡುತ್ತದೆ. ಪ್ರಯತ್ನ ಪಟ್ಟೂ ಏರಲಾಗದವಳ ಹಾಗೆ ಕೇಳಿಸಬೇಕು. ಉಸಿರು ಚಿಕ್ಕದಾಗಬಾರದು, ಮೆಟ್ಟಿಲೇರಿ ಬಂದವಳ ದೊಡ್ಡ ಉಸಿರಾಗಬೇಕು. ಆರಂಭ ಸರಿಯಾಗಿರಲಿ, ಜನ ನಂಬಲಿ. ತುದಿಗೆ ಹೋದಾಗ ಅರ್ಧ ಸ್ವರ ಕೆಳಗೇ ನಿಂತು, ಅಲ್ಲಿ ಒಡೆಯಬೇಕು. ಆಮೇಲೆ ಗಂಟಲು ಹಿಡಿದುಕೊಂಡು ನಗಬೇಕು. ಇದು ಗುಬ್ಬಿಗೇ ಸರಿ, ನನ್ನ ಕೈಲಿ ಯಾವತ್ತೂ ಆಗಿಲ್ಲಪ್ಪ ಎನ್ನಬೇಕು. ರೆಕಾರ್ಡಿಸ್ಟನಿಗೆ ವಯಸ್ಸಾಗಿದೆ, ಯಾವುದೋ ಹಾಡಿಗೆ ಯಾವುದನ್ನೋ ಸೇರಿಸಿಕೊಂಡಿದ್ದಾನೆ ಎಂದುಕೊಂಡಾರು. ಅತ್ತೆ ತಂಗಿಯ ಎದುರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಡಬ್ಬಿಂಗ್ ನಿರ್ದೇಶಕ ವರ್ಷವಿಡೀ ಆಡಿಕೊಳ್ಳುತ್ತಾನೆ. ಗುಬ್ಬಿಗೆ ಮಾತ್ರ ತಿಳಿಯುತ್ತದೆಯೋ ಏನೋ. ತಿಳಿದರೂ ಕೇಳದಿದ್ದರೆ ಸಾಕು. ಪುಟ್ಟಿಗೂ ಎಂದಾದರೂ ಹೇಳುವುದಿದ್ದರೆ ಅದು ಅವಳಮ್ಮ ಹೇಳಬೇಕಾದ ಮಾತು, ತನ್ನ ಅಂಗಡಿಯಲ್ಲಿ, ತನಗೆ ಬೇಕೆನಿಸಿದ ದಿನ.

ಬಟ್ಟೆ ಮಡಚುತ್ತಲೇ ಒಮ್ಮೆ ಹಾಡಿ ನೋಡಿದಳು, ಮೆಲ್ಲಗೆ. ತುದಿಯಲ್ಲಿ ದನಿ ಹದವಾಗಿ ಮುರಿಯಿತು.

“ಏನಮ್ಮ, ಗಂಟಲು ಕಟ್ಟಿದ ಹಾಗಿದೆ?” ಹಜಾರದಿಂದ ಅತ್ತೆ ಕೂಗಿದರು. “ಬಿಸಿನೀರು ಕುಡಿ, ದೊಡ್ಡ ದಿನ ಬರ್ತಾ ಇದೆ.”

“ಕುಡೀತೀನಿ ಅತ್ತೆ,” ಎಂದಳು ಅಕ್ಕ. ಗಂಡನ ಅಂಗಿಯ ತೋಳುಗಳನ್ನು ಒಳಕ್ಕೆ ಮಡಚಿ ರಾಶಿಯ ಮೇಲಿಟ್ಟು, ಇನ್ನೊಂದನ್ನು ಎತ್ತಿಕೊಂಡಳು.