ಒಂದೂ ಗೋಲು ಹೊಡೆಯದವಳು

ಹತ್ತು ವರ್ಷ ದೇಶದ ಐಸ್ ಹಾಕಿ ತಂಡದಲ್ಲಿ ಡಿಫೆಂಡರ್ ಆಗಿದ್ದ ನೇತ್ರಾ ಆಟ ಬಿಟ್ಟ ಮೇಲೆ ಹುಟ್ಟೂರು ಬೆಟಗೇರಿಯ ಗಣ್ಯರಿಗೆ ಆಕೆಯ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. ಸನ್ಮಾನದ ವೇದಿಕೆ ತುಂಬ ಅವರೇ. ಚಿಕ್ಕಂದಿನಲ್ಲಿ ಆಕೆಗೆ ರೋಲರ್ ಸ್ಕೇಟಿಂಗ್ ಕಲಿಸಿದ ಸಾವಕ್ಕ ಟೀಚರಿಗೆ ಮಾತ್ರ ಮೇಲೆ ಕುರ್ಚಿಯಿರಲಿಲ್ಲ.

ಸಮಾರಂಭದ ಅಧ್ಯಕ್ಷ ಸಂಗಪ್ಪ ಮೈಕಿನಲ್ಲೇ ಕೇಳಿದ: "ಎಷ್ಟ್ ಗೋಲ್ ಹೊಡದಿ ತಂಗಿ?"

"ಒಂದೂ ಇಲ್ರಿ."

"ಹಂಗಾರ ಹತ್ತು ವರ್ಷ ಏನ್ ಮಾಡಿದಿ?"

ವೇದಿಕೆಯೆಲ್ಲ ಹಲ್ಲು ಕಿಸಿಯಿತು. ತಡೆಯುವುದೂ ಆಟವೆಂದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು?

ಫೋಟೊ ಹೊತ್ತಿಗೆ ಗಣ್ಯರು ಮೊಣಕೈಯಿಂದ ತಿವಿದಾಡುತ್ತ ಮುನ್ನುಗ್ಗಿದರು. ನೇತ್ರಾ ಕಾಲೂರಿ, ಭುಜ ಅಡ್ಡ ಕೊಟ್ಟು ನಿಂತಳು. ಸಂಗಪ್ಪ ಎರಡು ಸಲ ನುಗ್ಗಿದ, ಎರಡೂ ಸಲ ಹಿಂದೆ ಹೋಗಿ ಬಿದ್ದ. ಆಕೆ ಕೆಳಗಿದ್ದ ಟೀಚರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ಹತ್ತು ವರ್ಷ ಇದನ್ನ ಮಾಡೇನ್ರಿ," ಎಂದಳು.