ಉಗುಳುಬಟ್ಟಲು

ನನ್ನ ಒಡೆಯರ ಉಗುಳು ನನ್ನ ಕೈಯಲ್ಲಿರುತ್ತಿತ್ತು. ಅಂದರೆ ಅವರ ಜೀವ ನನ್ನ ಕೈಯಲ್ಲಿರುತ್ತಿತ್ತು. ಕೌವಾಯ್ ದ್ವೀಪದಲ್ಲಿ ವೈಮೇಯಾ ಕಣಿವೆಗೆ ಕೆಯಾಹು ಒಡೆಯರು. ಅವರು ಎಲ್ಲಿ ಕೂತರೂ ಪಕ್ಕದಲ್ಲಿ ನಾನು ಮರದ ಬಟ್ಟಲು ಹಿಡಿದು ಕೂರಬೇಕು. ಉಗುಳು, ಉಗುರು, ಉದುರಿದ ಕೂದಲು ಎಲ್ಲ ಅದರೊಳಕ್ಕೆ. ಹೊತ್ತು ಮುಳುಗುವ ಮುಂಚೆ ಯಾರ ಕಣ್ಣಿಗೂ ಬೀಳದ ಹಾಗೆ ಕಡಲಿಗೆ ಸುರಿದು ಬರಬೇಕು. ಒಂದು ಹನಿ ಮಾಟಗಾರನಿಗೆ ಸಿಕ್ಕಿದರೂ ಅವನು ಕೂತಲ್ಲೇ ಮಂತ್ರ ಹಾಕಿ ಕೊಲ್ಲುತ್ತಾನೆ. ಈಗಿನವರು ಇದಕ್ಕೆ ನಗುತ್ತಾರೆ. ಆಗ ಯಾರೂ ನಗುತ್ತಿರಲಿಲ್ಲ.

ಮೌವಿ, ಮೊಲೊಕಾಯ್, ಒವಾಹು ದ್ವೀಪಗಳನ್ನೆಲ್ಲ ದೊಡ್ಡ ದ್ವೀಪದ ದೊರೆ ಗೆದ್ದಾಗಿತ್ತು. ಉಳಿದದ್ದು ನಾವು. ಒಮ್ಮೆ ದೋಣಿ ತುಂಬ ಪಡೆ ಹೇರಿಕೊಂಡು ಹೊರಟ. ನಡುಗಡಲಲ್ಲಿ ಗಾಳಿ ಎದ್ದು ಹಿಂದಕ್ಕಟ್ಟಿತು. ಇನ್ನೊಮ್ಮೆ ಹೊರಡುವ ಮುಂಚೆಯೇ ಅವನ ಪಡೆಗೆ ಬೇನೆ ಬಡಿಯಿತು. ಆಮೇಲೆ ಅವನು ಈಟಿ ಕೆಳಗಿಟ್ಟು ಮಾತು ಕಳಿಸಿದ: ನಿಮ್ಮ ಅರಸ ಬಂದು ನನ್ನ ಎದುರು ಕೂತು ಹೋಗಲಿ, ದ್ವೀಪವನ್ನು ಅವನೇ ಆಳಲಿ, ಮೇಲೆ ನನ್ನ ಹೆಸರೊಂದಿರಲಿ. ಈಟಿಗೂ ಅಷ್ಟು ಹೆದರದವರು ನಾವು ಆ ಮಾತಿಗೆ ಹೆದರಿದೆವು. ತಾನು ಹೋಗುವ ಮುಂಚೆ ದಾರಿ ನೋಡಿ ಬರಲೆಂದು ನಮ್ಮ ಅರಸ ನನ್ನ ಒಡೆಯರನ್ನು ಕಳಿಸಿದ. ಅವರು ಜೀವಂತ ತಿರುಗಿ ಬಂದರೆ ಅರಸ ಹೊರಡುವುದು. ಇಲ್ಲವೆಂದರೆ ಯುದ್ಧ.

ಒವಾಹು ದಡದಲ್ಲಿ ನಮ್ಮನ್ನು ಎದುರುಗೊಂಡವನು ದೊರೆಯ ಕಡೆಯ ಸರದಾರ ಪೂಹಿಲಿ. ದಪ್ಪ ಆಳು, ಸದಾ ನಗುಮುಖ. ನಗುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ನಾವು ನಮ್ಮ ಕೆಸುವಿನ ಹಿಟ್ಟನ್ನೂ ನಮ್ಮ ನೀರನ್ನೂ ಹೊತ್ತೇ ಹೋಗಿದ್ದೆವು. ಅವನು ಸೋರೆಬುರುಡೆಗಳ ಕಡೆ ನೋಡಿದ.

"ಏನಪ್ಪಾ ಕೆಯಾಹು, ನಮ್ಮೂರಲ್ಲಿ ನೀರಿಗೆ ಬರ ಬಂದಿದೆ ಅಂತ ಯಾರು ಹೇಳಿದ್ರು?"

"ಹೊಸ ನೀರು ನನಗೆ ಆಗಿಬರಲ್ಲ," ಎಂದರು ನಮ್ಮ ಒಡೆಯರು.

ಪೂಹಿಲಿಯ ಬಟ್ಟಲು ಹಿಡಿಯುವವನ ಹೆಸರು ಕಪೂಲೆ. ತನ್ನ ಒಡೆಯನಿಗೆ ಅಮಲೇರಿಸುವ ಅವಾ ಬೇರು ಜಗಿದು, ನೀರಲ್ಲಿ ಹಿಂಡಿ, ಸೋಸಿ ಕುಡಿಯಲು ಕೊಡುವವನೂ ಅವನೇ. ದವಡೆ ಆಡಿಸುತ್ತಲೇ ನನ್ನನ್ನು ನೋಡುತ್ತಿದ್ದ. ನಾನೂ ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ.

ಮಾತುಕತೆ ಎಳೆದಾಡಿತು. ಇವರು ಆಣೆ ಇಟ್ಟರೆ ಅವರು ನಂಬರು, ಅವರು ಇಟ್ಟರೆ ಇವರು. ಕೊನೆಗೆ ಪೂಹಿಲಿಯೇ ಹೇಳಿದ: "ನನ್ನ ಬಟ್ಟಲು ನೀನು ತಗೊಂಡು ಹೋಗು, ನಿನ್ನದು ಇಲ್ಲಿರಲಿ. ನಾನು ಮೋಸ ಮಾಡಿದ್ರೆ ನಿಮ್ಮ ಮಾಟಗಾರ ನನ್ನ ಮುಗಿಸಲಿ. ಇನ್ನೇನು ಬೇಕು?"

ನಮ್ಮ ಒಡೆಯರು ಹೂಂ ಎಂದರು. ಬೆಳಿಗ್ಗೆ ಬದಲಾಯಿಸಿಕೊಳ್ಳುವುದೆಂದಾಯಿತು. ಬಿಡಾರಕ್ಕೆ ಬಂದ ಮೇಲೆ ನನ್ನನ್ನು ಹತ್ತಿರ ಕರೆದರು.

"ಕಾನೋವ, ಬಟ್ಟಲು ತೊಳಿ. ಅದರಲ್ಲಿ ಉಗುಳೋದು ನೀನು."

ನನಗೆ ತಿಳಿಯಿತು. "ನಾನು ಸತ್ರೆ, ಬುದ್ಧಿ?" ಎಂದೆ.

"ನೀನು ಸತ್ರೆ ಅವರು ಮೋಸಗಾರರು ಅಂತ ಗೊತ್ತಾಗುತ್ತೆ."

ಒಡೆಯರಾಗಿ ನೋಡಿದರೆ ಸರಿಯಾದ ಮಾತೇ.

ಬೆಳಿಗ್ಗೆ ಎದ್ದರೆ ನನ್ನ ಬಾಯಿ ಒಣಗಿ ಸುಣ್ಣವಾಗಿತ್ತು. ಎಷ್ಟು ತಿಣುಕಿದರೂ ಉಗುಳು ಬಾರದು. ಬೇಲಿಯ ಹತ್ತಿರ ಕಬ್ಬಿತ್ತು. ಒಂದು ಗೆಣ್ಣು ಮುರಿದು ಜಗಿದ ಮೇಲೆ ಬಾಯಿ ಒದ್ದೆಯಾಯಿತು. ಬಟ್ಟಲಿಗೆ ಉಗುಳಿ, ನಾರುಬಟ್ಟೆ ಸುತ್ತಿ, ಎಲ್ಲರೆದುರು ಕಪೂಲೆಯ ಕೈಗೆ ಕೊಟ್ಟೆ. ಅವನದು ನನ್ನ ಕೈಗೆ ಬಂತು. ಒಡೆಯರಿಬ್ಬರೂ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಂಡು ಊಟಕ್ಕೆ ಕೂತರು.

ನಾನು ಬಂಡೆಗಳ ಹಿಂದೆ ಹೋಗಿ ಬಟ್ಟೆ ಬಿಚ್ಚಿದೆ. ಬಟ್ಟಲಲ್ಲಿ ಉಗುಳಿನ ಜೊತೆ ಸಣ್ಣ ನಾರು ಅಂಟಿತ್ತು. ಅವಾ ಬೇರಿನ ನಾರು. ಸೋಸಿದ್ದನ್ನು ಕುಡಿಯುವ ಸರದಾರನ ಬಾಯಲ್ಲಿ ನಾರೆಲ್ಲಿಂದ ಬರಬೇಕು? ಅದು ಜಗಿಯುವವನ, ಕಪೂಲೆಯ ಉಗುಳು. ಒಡೆಯರಿಗೆ ಹೇಳಿದರೆ ಈ ಗಳಿಗೆಯೇ ಈಟಿ ಏಳುತ್ತದೆ. ಹೇಳದಿದ್ದರೆ ನಮ್ಮ ಅರಸ ಒಬ್ಬ ಆಳಿನ ಉಗುಳು ನಂಬಿಕೊಂಡು ಕಡಲು ದಾಟುತ್ತಾನೆ. ಏನು ಮಾಡಲೆಂದು ಕೂತಿದ್ದಾಗ ಮರಳ ಮೇಲೆ ಹೆಜ್ಜೆ ಸದ್ದಾಯಿತು. ಕಪೂಲೆ. ಅವನ ಕೈಯಲ್ಲಿ ನಮ್ಮ ಬಟ್ಟಲು.

"ನಿಮ್ಮೊಡೆಯರು ಅಪ್ಪ ಸತ್ತ ದುಃಖಕ್ಕೆ ಮುಂದಿನ ಹಲ್ಲೆಲ್ಲ ಮುರ್ಕೊಂಡವರು," ಎಂದ ಮೆಲ್ಲಗೆ. "ಈ ಉಗುಳಲ್ಲಿರೋ ಕಬ್ಬು ಹೆಂಗೆ ಜಗಿದ್ರೋ?"

ನಾನು ನನ್ನ ಕೈಯ ಬಟ್ಟಲನ್ನು ಅವನ ಕಡೆ ಬಾಗಿಸಿ ತೋರಿಸಿದೆ. "ನಿಮ್ಮೊಡೆಯ ಬೇರನ್ನ ತಾನೇ ಜಗೀತಾನಾ?"

ಅವನ ದವಡೆ ನಿಂತಿತು. ಪಕ್ಕದಲ್ಲಿ ಕೂತ. ಊಟದ ಕಡೆಯಿಂದ ನಗು ಕೇಳಿಸುತ್ತಿತ್ತು.

"ಕಡಲಿಗೆ ಸುರಿದುಬಿಡು," ಎಂದ.

"ನೀನು ಮೊದ್ಲು ಸುರಿ."

"ಯಾಕೆ, ನಾನು ಸುರಿದ ಮೇಲೆ ನೀನು ಇಟ್ಕೊಳ್ಳೋಕಾ? ಜಾಣ ಕಣಯ್ಯಾ ನೀನು."

ಇಬ್ಬರೂ ಸುರಿಯಲಿಲ್ಲ. ಬಟ್ಟೆ ಸುತ್ತಿಕೊಂಡು ಎದ್ದೆವು. ಒಡೆಯರಿಗೆ ನಾನು ಏನೂ ಹೇಳಲಿಲ್ಲ. ಅವನೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ನಾವು ತಿರುಗಿ ಬರುತ್ತಿರಲಿಲ್ಲ.

ಮುಂದೆ ಅರಸ ಹೋಗಿ ಬಂದ. ದ್ವೀಪಗಳೆಲ್ಲ ಒಂದೇ ರಾಜ್ಯವಾದವು. ಅದು ಆ ದೊರೆಯ ಬುದ್ಧಿ ಎನ್ನುತ್ತಾರೆ, ಇರಬಹುದು. ಕಾಣಿಕೆಯ ದೋಣಿ ಒವಾಹುವಿಗೆ ಹೊರಟಾಗಲೆಲ್ಲ ಕಪೂಲೆಗೆ ಒಣಮೀನು ಕಳಿಸುತ್ತಿದ್ದೆ. ಅವನು ಅವಾ ಬೇರು ಕಳಿಸುತ್ತಿದ್ದ. ಅದನ್ನು ನಾನು ಬಾಯಿಗೆ ಹಾಕುತ್ತಿರಲಿಲ್ಲ. ಮೀನನ್ನು ಅವನೂ ನಾಯಿಗೆ ಹಾಕುತ್ತಾನೆಂದು ದೋಣಿಯವರು ನಗಾಡುತ್ತಿದ್ದರು. ನನಗೆ ಕೆಮ್ಮು ಬಂದರೆ ಮೊದಲು ನೆನಪಾಗುವವನು ಅವನು.

ಹೋದ ಚಳಿಗಾಲದಲ್ಲಿ ಅವನು ಸತ್ತನೆಂದು ಸುದ್ದಿ ಬಂತು. ನೀನೇನಾದರೂ ಮಾಡಿದೆಯಾ ಎನ್ನುವ ಹಾಗೆ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಸೂರಿನ ಹುಲ್ಲು ಸರಿಸಿ ಅವನ ಬಟ್ಟಲನ್ನು ಅವಳಿಗೆ ತೋರಿಸಿದೆ. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು.

ನನ್ನ ಉಗುಳಿನ ಬಟ್ಟಲು ಈಗ ಯಾರ ಸೂರಿನಲ್ಲಿದೆಯೋ. ದೋಣಿಯವರನ್ನು ಕೇಳಿದೆ. ಅವನಿಗೊಬ್ಬ ಅಳಿಯನಿದ್ದಾನಂತೆ. ಒಳ್ಳೆಯವನಂತೆ, ಸದಾ ನಗುತ್ತಿರುತ್ತಾನಂತೆ.