ಗುಂಡುಸೂಜಿಯ ಎಡಗೆನ್ನೆ

ಹಲ್ಲಿನ ಡಾಕ್ಟರ ಮೆಟ್ಟಿಲು ಅರ್ಧ ಹತ್ತಿ ಗುಂಡುಸೂಜಿ ನಿಂತುಬಿಟ್ಟ. ಹಿಂದೆ ಬರುತ್ತಿದ್ದ ಅತ್ತಿಗೆ ಅವನ ಬೆನ್ನಿಗೆ ಬಂದು ಗುದ್ದಿದಳು.

"ಮತ್ತೇನಾಯ್ತೋ?"

"ಅಂಗಡಿಗೆ ಬೀಗ ಹಾಕಿದ್ನಾ ಅಂತ..."

"ಹಾಕಿದ್ದು ನಾನು. ಹತ್ತು."

ಅವನು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಮಾತಾಡಿ ಅದೇ ಹೆಸರು ನಿಂತಿತ್ತು. ಸೂಜಿ ತೆಗೆದು ಮಾತಾಡಿದರೆ ಗಿರಾಕಿಗಳಿಗೆ ಅರ್ಥವಾಗುತ್ತಿರಲಿಲ್ಲ. ಎಡಗೆನ್ನೆ ಊದಿ ವಾರವಾಗಿತ್ತು. ಒಬ್ಬ ಗಿರಾಕಿಗೆ ಜೇನುಹುಳ ಕಚ್ಚಿತು ಅಂದಿದ್ದ, ಇನ್ನೊಬ್ಬನಿಗೆ ಬಾಗಿಲು ಬಡಿಯಿತು ಅಂದಿದ್ದ. ಇಬ್ಬರೂ ಒಟ್ಟಿಗೇ ಬಂದು ಕೂತ ದಿನ, ಜೇನುಹುಳಕ್ಕೆ ಹೆದರಿ ಓಡಿ ಬಾಗಿಲಿಗೆ ಬಡಿದುಕೊಂಡೆ ಅಂದ.

ಹಿಂದೊಮ್ಮೆ ಬೇರೊಂದು ಹಲ್ಲನ್ನು ಇಂಜೆಕ್ಷನ್ ಇಲ್ಲದೆಯೇ ಕೀಳಿಸಿಕೊಂಡಿದ್ದ. ಹಾಡು ಗುನುಗುತ್ತಾ ಕೂತಿದ್ದೆ ಅಂತ ಅವನು ಹೇಳುತ್ತಾನೆ. ಆ ಗುನುಗು ಕೇಳಿ ಕೆಳಗಿನ ಅಂಗಡಿಯವರು ಶಟರ್ ಎಳೆದುಕೊಂಡರು ಅಂತ ಅತ್ತಿಗೆ ಹೇಳುತ್ತಾಳೆ. ಏನೇ ಇರಲಿ, ನೋವಿಗೆ ಅವನು ಹೆದರಿದವನಲ್ಲ. ಅವನು ಹೆದರುತ್ತಿದ್ದದ್ದು ಮರಗಟ್ಟುವುದಕ್ಕೆ. ಅದೇ ಅಂಗಡಿಯಲ್ಲಿ ಕತ್ತರಿ ಹಿಡಿಯುತ್ತಿದ್ದ ಅವನ ಅಣ್ಣ ಒಂದು ಬೆಳಿಗ್ಗೆ "ಕೆನ್ನೆ ಯಾಕೋ ಮರಗಟ್ಟಿದೆ" ಅಂದ. ಮಧ್ಯಾಹ್ನಕ್ಕೆ ಮಾತು ಹೋಯಿತು. ಸಂಜೆ ಅವನೂ ಹೋದ.

"ಒಳಗೆ ಕೀವಾಗಿದೆ. ಈ ಸಲ ಇಂಜೆಕ್ಷನ್ ಇಲ್ಲದೆ ನಾನು ಮುಟ್ಟಲ್ಲ," ಅಂದಳು ಡಾಕ್ಟರಮ್ಮ. "ಹೀಗೇ ಬಿಟ್ರೆ ಕುತ್ತಿಗೆಗೆ ಇಳಿಯುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ."

"ಅರ್ಧ ಹಾಕಿ ಡಾಕ್ಟ್ರೇ."

"ಇದೇನು ಅರ್ಧ ತೋಳಿನ ಅಂಗೀನಾ?"

ಆಗ ಅವನು ಅಣ್ಣನ ವಿಷಯ ಹೇಳಿದ. ಡಾಕ್ಟರಮ್ಮ ನಗಲಿಲ್ಲ. ಒಂದು ಕೈಗನ್ನಡಿ ತಂದು ಕೊಟ್ಟಳು. "ಇದು ಆ ಥರದ್ದಲ್ಲ. ಕೆಲವು ಗಂಟೆ ಇರುತ್ತೆ, ತಾನೇ ಬಿಟ್ಟುಹೋಗುತ್ತೆ. ಭಯ ಆದಾಗ ತುಟಿ ಆಡಿಸಿ ನೋಡ್ಕೊಳ್ಳಿ. ಕೈ ಎತ್ತಿದ್ರೆ ನಿಲ್ಲಿಸ್ತೀನಿ."

ಅವಳು ಸಿರಿಂಜ್ ಕೈಗೆತ್ತಿಕೊಳ್ಳುವ ಮೊದಲೇ ಗುಂಡುಸೂಜಿ ಕೈ ಎತ್ತಿದ್ದ.

ಚುಚ್ಚಿದ್ದು ಇರುವೆ ಕಚ್ಚಿದಷ್ಟೇ. ಆಮೇಲೆ ತುಟಿಯ ಅಂಚು ಹೋಯಿತು, ಗಲ್ಲ ಹೋಯಿತು, ನಾಲಿಗೆಯ ಒಂದು ಮಗ್ಗುಲು ಹೋಯಿತು. ಯಾರದೋ ಕೆನ್ನೆ ತಂದು ತನ್ನ ಮುಖಕ್ಕೆ ಕಚ್ಚಾ ಹೊಲಿಗೆ ಹಾಕಿದ ಹಾಗಿತ್ತು. ಕನ್ನಡಿಯನ್ನು ಮೂಗಿನ ಹತ್ತಿರ ತಂದುಕೊಂಡು ತುಟಿ ಆಡಿಸಿದ.

"ತುಟಿ ಆಡ್ತಿದೆ ನೋಡಿ," ಅಂದಳು ಡಾಕ್ಟರಮ್ಮ. "ನಿಮಗೆ ಗೊತ್ತಾಗ್ತಿಲ್ಲ, ಅಷ್ಟೇ."

ಹಲ್ಲು ಕಿತ್ತು ಬಂದದ್ದೂ ಅವನಿಗೆ ಗೊತ್ತಾಗಲಿಲ್ಲ. ಹೊರಡುವಾಗ ಕೈಗನ್ನಡಿ ಬಿಡಿಸಿಕೊಳ್ಳುವುದೇ ಡಾಕ್ಟರಮ್ಮನಿಗೆ ಹಲ್ಲು ಕಿತ್ತದ್ದಕ್ಕಿಂತ ದೊಡ್ಡ ಕೆಲಸವಾಯಿತು.

ಅಂಗಡಿಗೆ ಬಂದವನು, ಗಿರಾಕಿಗಳು ಬಟ್ಟೆ ಹಾಕಿ ನೋಡುವ ನಿಲುವುಗನ್ನಡಿಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತ. ಅತ್ತಿಗೆ ಎದುರಿಗೆ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯತೊಡಗಿದಳು.

"ಬಂತಾ?"

"ಇನ್ನಾ ಇಲ್ಲ."

ಒಂದು ಗುಂಡಿ ಮುಗಿಯಿತು. "ಈಗ?"

ಅವನು ತಲೆಯಾಡಿಸಿದ. ಕೆನ್ನೆ ಚಿವುಟಿಕೊಂಡ. ಬೆರಳಿಗೆ ಕೆನ್ನೆ ಸಿಕ್ಕಿತು, ಕೆನ್ನೆಗೆ ಬೆರಳು ಸಿಗಲಿಲ್ಲ. ತಟ್ಟಿಕೊಂಡ. ಏನೂ ಇಲ್ಲ. ಜೋರಾಗಿ ಹೊಡೆದುಕೊಂಡ. ಇನ್ನೂ ಜೋರಾಗಿ.

ಅತ್ತಿಗೆ ಕೋಟು ಕೆಳಗಿಟ್ಟಳು. "ಯಾಕೋ ಹಾಗೆ ಹೊಡ್ಕೋತೀಯ? ನೋಯ್ತಿದ್ಯಾ?"

"ನೋವೇನಿಲ್ಲ ಅತ್ತಿಗೆ. ಇದ್ಯಾ ಅಂತ ನೋಡ್ತಿದೀನಿ."

"ಏನು?"

"ಕೆನ್ನೆ."

ಅವಳು ಅವನ ಕೈಯನ್ನೇ ನೋಡಿದಳು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ನಿಮ್ಮಣ್ಣನೂ ಹೀಗೇ ಹೊಡ್ಕೋತಿದ್ರು," ಅಂದಳು. "ಆವತ್ತು ಮಧ್ಯಾಹ್ನ ಎಲ್ಲಾ. ಮಾತಿರ್ಲಿಲ್ವಲ್ಲ, ನೋವು ತಡೀಲಾರದೆ ಹೊಡ್ಕೋತಾರೆ ಅನ್ಕೊಂಡೆ. ಆ ಕೈನ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟೆ. ಬಿಡಿಸ್ಕೊಳ್ಳೋಕೆ ನೋಡಿದ್ರು. ಕೊನೇತನಕ ನಾನು ಬಿಡ್ಲಿಲ್ಲ."

ಎಂಥ ಪ್ರಶ್ನೆಗೂ ಉತ್ತರ ಹೊಲಿದು ಕೊಡುತ್ತಿದ್ದ ಗುಂಡುಸೂಜಿ ಬಾಯಿ ತೆರೆದ. ಎಂಜಲು ಎಡಗಡೆಯಿಂದ ಗಲ್ಲಕ್ಕೆ ಇಳಿಯಿತು. ಅವನಿಗೆ ಗೊತ್ತಾಗಲಿಲ್ಲ.

"ಅಣ್ಣಂಗೆ ನೋವಿರ್ಲಿಲ್ಲ ಅತ್ತಿಗೆ."

"ನಿಂಗೇನು ಗೊತ್ತು?"

"ಈಗ ಗೊತ್ತು."

ಹೊತ್ತು ಮುಳುಗುವಾಗ ತುಟಿಯ ಅಂಚಿನಲ್ಲಿ ಏನೋ ಜುಮುಜುಮು ಅಂದಿತು. ಹಿಂದೆಯೇ ನೋವು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಅವನು ಉಸಿರು ಬಿಟ್ಟ.

"ಬಂತು ಅತ್ತಿಗೆ."

"ಹ್ಞೂಂ," ಅಂದಳು. ಎದ್ದು ದೀಪ ಹಾಕಿದಳು. ವಾಪಸ್ಸು ಬರುವಾಗ ನಿಲುವುಗನ್ನಡಿಯ ಮುಂದೆ ನಿಂತು ತನ್ನ ಕೆನ್ನೆಗೆ ಮೆಲ್ಲಗೆ ತಟ್ಟಿಕೊಂಡಳು. ಮತ್ತೊಮ್ಮೆ ತಟ್ಟಿಕೊಂಡಳು. ಅವಳ ಇನ್ನೊಂದು ಕೈ ಆ ಕೈಯನ್ನು ಹಿಡಿಯಲು ಮೇಲೆದ್ದು, ಅರ್ಧದಲ್ಲೇ ನಿಂತಿತು.